ರಿಪೋರ್ಟಿನಲ್ಲಿ ಕ್ಯಾನ್ಸರ್, ಮುಖದಲ್ಲಿ ಕೂದಲ ಬುಡದ ಗಂಟುಗಳು: ಒಂದು ಪ್ರಕರಣ ಅಧ್ಯಯನ

24 ವರ್ಷದ ಯುವತಿ. ಮೂಗಿನ ಎರಡೂ ಪಕ್ಕ, ಹಣೆಯ ನಡುವೆ, ಮೇಲ್ತುಟಿಯ ಮೇಲೆ ಸಣ್ಣ ಸಣ್ಣ ಗುಳ್ಳೆಗಳು. ಹನ್ನೆರಡನೇ ವಯಸ್ಸಿನಿಂದ ಇವೆ. ನನ್ನ ಹತ್ತಿರ ಬರುವ ಹೊತ್ತಿಗೆ ಅವರ ಫೈಲಿನಲ್ಲಿ ಒಂದು ಬಯಾಪ್ಸಿ (ಚರ್ಮದ ಚೂರು ತೆಗೆದು ಮಾಡುವ ಪರೀಕ್ಷೆ) ರಿಪೋರ್ಟ್ ಇತ್ತು. ಅದರಲ್ಲಿ 'ಬೇಸಲ್ ಸೆಲ್ ಕಾರ್ಸಿನೋಮ' ಎಂದು ಬರೆದಿತ್ತು, ಅಂದರೆ ಚರ್ಮದ ಕ್ಯಾನ್ಸರ್. ಮೂಗಿನ ಪಕ್ಕದ ಗುಳ್ಳೆಯನ್ನು ಸುತ್ತಲಿನ ಒಳ್ಳೆಯ ಚರ್ಮದ ಸಮೇತ ಅಗಲವಾಗಿ ಕತ್ತರಿಸಿ, ಆ ಜಾಗಕ್ಕೆ ಬೇರೆ ಕಡೆಯ ಚರ್ಮ ತಂದು ಹಾಕಬೇಕು ಎಂಬ ಸಲಹೆಯೂ ಸಿಕ್ಕಿತ್ತು. ಆಪರೇಷನ್ನಿಗೆ ಮುಂಚೆ ಇನ್ನೊಬ್ಬರನ್ನು ಕೇಳೋಣ ಅಂತ ತಾಯಿಯ ಜೊತೆ ಬಂದಿದ್ದರು.

ಅವರಿಗೆ ಕ್ಯಾನ್ಸರ್ ಇರಲಿಲ್ಲ. ಇದ್ದದ್ದು ಟ್ರೈಕೋಎಪಿಥೀಲಿಯೋಮ, ಕೂದಲ ಬುಡದ ಜೀವಕೋಶಗಳಿಂದ ಹುಟ್ಟುವ ಅಪಾಯವಿಲ್ಲದ ಗಂಟುಗಳು. ಮನೆತನದಲ್ಲಿ ಹರಿದು ಬಂದಿದ್ದವು.

ಈ ಪ್ರಕರಣವನ್ನು ಇಷ್ಟು ವಿವರವಾಗಿ ಬರೆಯುವುದಕ್ಕೆ ಕಾರಣ ಇದೆ. ಈ ಎರಡು ಕಾಯಿಲೆಗಳು ಮೈಕ್ರೋಸ್ಕೋಪಿನ ಕೆಳಗೆ ನಿಜಕ್ಕೂ ಒಂದೇ ಥರ ಕಾಣಬಹುದು. ಚೂರನ್ನು ಲ್ಯಾಬಿನಲ್ಲಿ ನೋಡಿ ಕಾಯಿಲೆ ಹೇಳುವ ಅನುಭವಿ ಪೆಥಾಲಜಿಸ್ಟರಿಗೂ ಕಷ್ಟ ಕೊಡುತ್ತವೆ. ಸಣ್ಣ ಚರ್ಮದ ಚೂರು ಎಷ್ಟು ಹೇಳಬಲ್ಲದೋ ಅದಕ್ಕಿಂತ ಜಾಸ್ತಿ ವಿಷಯ ಇಡೀ ಮುಖದಲ್ಲಿ, ಗುಳ್ಳೆಗಳ ವಯಸ್ಸಿನಲ್ಲಿ, ಮನೆಯವರ ಚರ್ಮದಲ್ಲಿ ಇರುತ್ತದೆ. ಆ ವಿಷಯ ಚೂರಿನ ಜೊತೆ ಲ್ಯಾಬಿಗೆ ಹೋಗದಿದ್ದರೆ ಇಲ್ಲಿ ಆದಂತೆಯೇ ಆಗುತ್ತದೆ. (ಗುರುತು ಹಿಡಿಯಬಹುದಾದ ವಿವರಗಳನ್ನೆಲ್ಲ ಬಿಟ್ಟಿದ್ದೇನೆ. ಕಾಯಿಲೆಗೆ ಸಂಬಂಧಪಟ್ಟದ್ದು ಮಾತ್ರ ಇಲ್ಲಿದೆ.)

ಹಿಂದಿನ ಕಥೆ

ಮೊದಲು ಮೂಗಿನ ಪಕ್ಕದ ಮಡಿಕೆಯಲ್ಲಿ ಎರಡು ಮೂರು ಬಂದವು. ನೋವಿಲ್ಲ, ತುರಿಕೆ ಇಲ್ಲ, ಕೀವಿಲ್ಲ. ವಯಸ್ಸಿಗೆ ಬರುವ ಹುಡುಗಿ, ಹಾಗಾಗಿ ಎಲ್ಲರೂ ಮೊಡವೆ ಅಂದುಕೊಂಡರು. ಮೊಡವೆಯ ಜೆಲ್ ಹಚ್ಚಿದರು, ಕಡಿಮೆ ಆಗಲಿಲ್ಲ. ವರ್ಷ ವರ್ಷಕ್ಕೂ ಕೆಲವು ಹೊಸದಾಗಿ ಸೇರಿಕೊಂಡವು. ಹದಿನೆಂಟರ ಹೊತ್ತಿಗೆ ಐಸೋಟ್ರೆಟಿನಾಯಿನ್ ಮಾತ್ರೆಯ ಒಂದು ಪೂರ್ತಿ ಕೋರ್ಸ್ ಆಯಿತು. ತುಟಿ ಒಣಗಿತು, ಮುಖದ ಜಿಡ್ಡು ಹೋಯಿತು, ಗುಳ್ಳೆಗಳು ಮಾತ್ರ ಹಾಗೇ ಉಳಿದವು.

ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಮೊಡವೆಗೆ ಇರುವ ಅತ್ಯಂತ ಬಲವಾದ ಮಾತ್ರೆಯನ್ನು ಸರಿಯಾಗಿ ತೆಗೆದುಕೊಂಡ ಮೇಲೂ ಒಂದೇ ಒಂದು ಗುಳ್ಳೆ ಕೂಡ ಕದಲಲಿಲ್ಲ ಅಂದರೆ ಅದು ಮೊಡವೆ ಅಲ್ಲ ಎಂಬುದಕ್ಕೆ ಅದೇ ದೊಡ್ಡ ಸುಳಿವು. ಮೊಡವೆ ಬರುತ್ತದೆ, ಹಣ್ಣಾಗುತ್ತದೆ, ಒಡೆಯುತ್ತದೆ, ಕಲೆ ಬಿಟ್ಟು ಹೋಗುತ್ತದೆ. ಅದರ ಅಕ್ಕಪಕ್ಕ ಕಪ್ಪು ತಲೆಯ, ಬಿಳಿ ತಲೆಯ ಚುಕ್ಕೆಗಳಿರುತ್ತವೆ. ಇವರ ಮುಖದಲ್ಲಿ ಬಂದದ್ದು ಬಂದಲ್ಲೇ ವರ್ಷಗಟ್ಟಲೆ ಕೂತಿತ್ತು.

ಆಮೇಲೆ ಯಾರೋ ನರಹುಲಿ ಅಂದರು. ಕರೆಂಟಿನ ಸೂಜಿಯಿಂದ ಕೆಲವನ್ನು ಸುಟ್ಟರು. ಸುಟ್ಟ ಕಡೆ ಸಣ್ಣ ಗುಂಡಿ ಬಿತ್ತು, ಕೆಲವು ತಿಂಗಳಲ್ಲಿ ಅದೇ ಜಾಗದಲ್ಲಿ ಗುಳ್ಳೆ ಮತ್ತೆ ಎದ್ದಿತು. ನರಹುಲಿ ವೈರಸ್ಸಿನಿಂದ ಬರುತ್ತದೆ. ಕೆರೆದ ಗೆರೆಯ ಉದ್ದಕ್ಕೂ ಸಾಲಾಗಿ ಹರಡುವ ಗುಣ ಅದಕ್ಕಿದೆ. ಇವರಲ್ಲಿ ಹಾಗೆ ಹರಡಿದ್ದು ಯಾವತ್ತೂ ಇರಲಿಲ್ಲ. ಮೂಗಿನ ಎಡಕ್ಕೆ ಎಷ್ಟೋ ಬಲಕ್ಕೂ ಹೆಚ್ಚುಕಮ್ಮಿ ಅಷ್ಟೇ, ಎರಡೂ ಕಡೆ ಒಂದೇ ಲೆಕ್ಕದಲ್ಲಿ.

ಕೊನೆಗೆ ಬಲ ಮೂಗಿನ ಪಕ್ಕದ ಒಂದು ಗುಳ್ಳೆ ಉಳಿದವಕ್ಕಿಂತ ಸ್ವಲ್ಪ ದೊಡ್ಡದಾಗಿದೆ ಅಂತ ಅದರ ಮೇಲ್ಭಾಗವನ್ನು ಬ್ಲೇಡಿನಿಂದ ತೆಳ್ಳಗೆ ಹೆರೆದು ಲ್ಯಾಬಿಗೆ ಕಳಿಸಿದರು. ಫಾರಮ್ಮಿನಲ್ಲಿ ಬರೆದದ್ದು ವಯಸ್ಸು, ಲಿಂಗ ಮತ್ತು 'ಮೂಗಿನ ಪಕ್ಕದ ಗಂಟು' ಇಷ್ಟೇ. ಎಷ್ಟಿವೆ, ಯಾವಾಗಿನಿಂದ ಇವೆ, ಮನೆಯಲ್ಲಿ ಬೇರೆ ಯಾರಿಗಿದೆ, ಯಾವುದೂ ಇಲ್ಲ. ತೆಳುವಾದ ಚೂರು, ಅದರಲ್ಲಿ ಕಡು ನೀಲಿ ಬಣ್ಣ ಹಿಡಿದ ಬೇಸಲ್ ಜೀವಕೋಶಗಳ (ಚರ್ಮದ ಮೇಲ್ಪದರದ ತಳದಲ್ಲಿರುವಂಥವು) ದ್ವೀಪಗಳು. ಆ ಚೂರನ್ನಷ್ಟೇ ನೋಡಿದ ಪೆಥಾಲಜಿಸ್ಟರು ಬೇಸಲ್ ಸೆಲ್ ಕಾರ್ಸಿನೋಮ ಅಂದದ್ದರಲ್ಲಿ ನನಗೆ ಆಶ್ಚರ್ಯ ಇಲ್ಲ. ಕಾಯಿಲೆ ಗುರುತಿಸಲು ಬೇಕಾದ ಅರ್ಧ ಮಾಹಿತಿ ಅವರ ಮೇಜಿಗೆ ತಲುಪಿರಲೇ ಇಲ್ಲ.

ನೋಡಿದಾಗ ಕಂಡದ್ದು

ಮುಖದಲ್ಲಿ ಸುಮಾರು ನಲವತ್ತು ಗುಳ್ಳೆಗಳು. ಹೆಚ್ಚಿನವು 2ರಿಂದ 5 ಮಿಲಿಮೀಟರ್. ಚರ್ಮದ್ದೇ ಬಣ್ಣ, ಕೆಲವು ಸ್ವಲ್ಪ ಗುಲಾಬಿ. ನಯವಾದ ಗುಮ್ಮಟದ ಆಕಾರ, ಮುಟ್ಟಿದರೆ ಗಟ್ಟಿ. ಮೂಗಿನ ಪಕ್ಕದ ಮಡಿಕೆಗಳಲ್ಲಿ ಒತ್ತೊತ್ತಾಗಿ ಸೇರಿಕೊಂಡಿದ್ದವು. ಹುಣ್ಣಾದದ್ದು, ರಕ್ತ ಸೋರಿದ್ದು, ನಡುವೆ ಕುಸಿದು ಅಂಚು ಎದ್ದದ್ದು ಒಂದೂ ಇಲ್ಲ. ಚರ್ಮವನ್ನು ದೊಡ್ಡದಾಗಿ ತೋರಿಸುವ ಡರ್ಮೋಸ್ಕೋಪ್ ಇಟ್ಟು ನೋಡಿದರೆ ಬಿಳಚಿದ ಹಿನ್ನೆಲೆ, ಅದರ ಮೇಲೆ ಬಿಳಿ ಚುಕ್ಕೆಗಳಂಥ ಸಣ್ಣ ಚೀಲಗಳು, ತೆಳ್ಳನೆಯ ಕವಲೊಡೆದ ರಕ್ತನಾಳಗಳು. ಕವಲೊಡೆದ ರಕ್ತನಾಳ ಬೇಸಲ್ ಸೆಲ್ ಕಾರ್ಸಿನೋಮದಲ್ಲೂ ಕಾಣುತ್ತದೆ, ಹಾಗಾಗಿ ಅದೊಂದನ್ನೇ ಹಿಡಿದು ಏನೂ ಹೇಳಲು ಬರುವುದಿಲ್ಲ. ಆದರೆ ಬಣ್ಣವಿರುವ ಚರ್ಮದಲ್ಲಿ ಆ ಕ್ಯಾನ್ಸರ್ ಬಂದರೆ ಸಾಮಾನ್ಯವಾಗಿ ಅದರೊಳಗೂ ಕಪ್ಪು, ನೀಲಿ ಬೂದು ಬಣ್ಣದ ಮಚ್ಚೆಗಳಿರುತ್ತವೆ. ಇಲ್ಲಿ ಅಂಥದ್ದು ಒಂದೂ ಕಾಣಲಿಲ್ಲ.

ಇನ್ನು ಲೆಕ್ಕ ಹಾಕಿ ನೋಡಿ. ಬೇಸಲ್ ಸೆಲ್ ಕಾರ್ಸಿನೋಮ ಸಾಮಾನ್ಯವಾಗಿ ನಡುವಯಸ್ಸು ದಾಟಿದವರ ಕಾಯಿಲೆ, ಬಹಳ ವರ್ಷ ಬಿಸಿಲು ತಿಂದ ಚರ್ಮದ ಕಾಯಿಲೆ. ಅದು ಹನ್ನೆರಡನೇ ವಯಸ್ಸಿಗೆ ಶುರುವಾಗಿ, ನಲವತ್ತು ಜಾಗದಲ್ಲಿ ಎರಡೂ ಕಡೆ ಸಮನಾಗಿ ಹುಟ್ಟಿ, ಹನ್ನೆರಡು ವರ್ಷ ಒಂದು ಕಡೆಯೂ ಹುಣ್ಣಾಗದೆ ಕೂರುವುದು ತೀರಾ ವಿಚಿತ್ರ. ಚಿಕ್ಕ ವಯಸ್ಸಿನಲ್ಲೇ ಈ ಕ್ಯಾನ್ಸರ್ ಹಲವು ಕಡೆ ಬರುವ ಸಂದರ್ಭಗಳು ಇಲ್ಲದಿಲ್ಲ. ಗಾರ್ಲಿನ್ ಸಿಂಡ್ರೋಮ್ ಎಂಬ ವಂಶವಾಹಿ ಕಾಯಿಲೆಯಲ್ಲಿ ಬರುತ್ತದೆ. ಅದಕ್ಕಾಗಿ ಅಂಗೈ ಅಂಗಾಲು ತಿರುಗಿಸಿ ನೋಡಿದೆ, ಆ ಕಾಯಿಲೆಯಲ್ಲಿ ಅಲ್ಲಿ ಸೂಜಿ ಚುಚ್ಚಿದಂಥ ಗುಳಿಗಳಿರುತ್ತವೆ. ಇವರಿಗೆ ಇರಲಿಲ್ಲ. ದವಡೆಯಲ್ಲಿ ನೀರಗಡ್ಡೆ ಬಂದಿತ್ತಾ ಅಂತ ಕೇಳಿದೆ, ದವಡೆಯ ಎಕ್ಸ್‌ರೇ ತೆಗೆಸಿದೆ. ಏನೂ ಇಲ್ಲ.

ಆಮೇಲೆ ತಾಯಿಯನ್ನು ಕೇಳಿದೆ, "ಅಮ್ಮಾ, ನಿಮ್ಮ ಮುಖದಲ್ಲೂ ಹೀಗೇ ಇದೆಯಲ್ಲ, ಯಾವಾಗಿನಿಂದ?" ಅವರ ಮೂಗಿನ ಪಕ್ಕ ಸುಮಾರು ಹತ್ತು ಹದಿನೈದು ಗುಳ್ಳೆಗಳಿದ್ದವು. "ನಂಗೆ ಚಿಕ್ಕಂದಿನಿಂದ ಇದೆ ಡಾಕ್ಟ್ರೇ, ನಮ್ಮಪ್ಪನಿಗೂ ಇತ್ತು. ಅದು ನಮ್ಮ ಮನೆ ಮುಖ" ಅಂದರು. ಅಲ್ಲಿಯವರೆಗೂ ಅವರನ್ನು ಯಾರೂ ಈ ಪ್ರಶ್ನೆ ಕೇಳಿರಲಿಲ್ಲ. ಮಗಳ ಕಾಯಿಲೆಗೂ ತನ್ನ ಮುಖಕ್ಕೂ ಸಂಬಂಧ ಇರಬಹುದು ಅಂತ ಅವರಿಗೆ ಹೊಳೆಯಲು ಕಾರಣವೂ ಇರಲಿಲ್ಲ, ಯಾಕಂದರೆ ಅವರ ಪಾಲಿಗೆ ಅದು ಕಾಯಿಲೆಯೇ ಅಲ್ಲ.

ತಾಯಿಯ ತಲೆಯನ್ನೂ ಕೈಯಿಂದ ತಡವಿ ನೋಡಿದೆ. ನೆತ್ತಿಯ ಹತ್ತಿರ ಕೂದಲಿಲ್ಲದ, ನಯವಾದ, ಗುಲಾಬಿ ಬಣ್ಣದ ಒಂದು ಗಂಟು. ಬಲ ಕಿವಿಯ ಹಿಂದೆ ಒತ್ತಿದರೆ ನೋಯುವ ಇನ್ನೊಂದು. ತಲೆ ಬಾಚುವಾಗ ಬಾಚಣಿಗೆ ತಗುಲಿ ನೋಯುತ್ತದೆ ಅಂತ ಆ ಕಡೆ ಹುಷಾರಾಗಿ ಬಾಚಿಕೊಳ್ಳುವುದನ್ನು ರೂಢಿ ಮಾಡಿಕೊಂಡಿದ್ದರು. ಈ ಎರಡು ಗಂಟುಗಳು ಪ್ರಕರಣದ ದಿಕ್ಕನ್ನು ಸ್ವಲ್ಪ ಬದಲಿಸಿದವು, ಅದನ್ನು ಮುಂದೆ ಹೇಳುತ್ತೇನೆ.

ಬೇರೆ ಏನೇನು ಆಗಿರಬಹುದಿತ್ತು

ಮುಖದ ನಡುಭಾಗದಲ್ಲಿ ಚರ್ಮದ ಬಣ್ಣದ ಸಣ್ಣ ಗುಳ್ಳೆಗಳು ಅಂದರೆ ಪಟ್ಟಿ ಉದ್ದ ಇದೆ. ಆದರೆ ಕೆಲವನ್ನು ಗುರುತಿಸದೆ ಬಿಟ್ಟರೆ ಬೆಲೆ ತೆರಬೇಕಾಗುತ್ತದೆ. ಯಾಕಂದರೆ ಗುಳ್ಳೆ ಅಪಾಯವಿಲ್ಲದ್ದಾದರೂ ಅದರ ಹಿಂದಿರುವ ಕಾಯಿಲೆ ಹಾಗಿರುವುದಿಲ್ಲ.

ಮೊದಲನೆಯದು ಟ್ಯೂಬರಸ್ ಸ್ಕ್ಲೀರೋಸಿಸ್, ಹಲವು ಅಂಗಗಳಲ್ಲಿ ಗಡ್ಡೆ ಬೆಳೆಯುವ ಒಂದು ವಂಶವಾಹಿ ಕಾಯಿಲೆ. ಅದರಲ್ಲಿ ಮುಖದ ಮೇಲೆ ಬರುವ ಆಂಜಿಯೋಫೈಬ್ರೋಮಗಳು ಇವುಗಳಂತೆಯೇ ಮೂಗಿನ ಮಡಿಕೆಯಲ್ಲಿ, ಕೆನ್ನೆಯಲ್ಲಿ ಕೂರುತ್ತವೆ. ಆದರೆ ಅವು ಕೆಂಪು ಜಾಸ್ತಿ, ಶುರುವಾಗುವುದೂ ಇನ್ನೂ ಚಿಕ್ಕ ವಯಸ್ಸಿನಲ್ಲಿ. ಜೊತೆಗೆ ಮೈಮೇಲೆ ಎಲೆಯಾಕಾರದ ಬಿಳಿ ಮಚ್ಚೆಗಳು, ಉಗುರಿನ ಬುಡದಲ್ಲಿ ಸಣ್ಣ ಮಾಂಸದ ಮೊಳಕೆಗಳು, ಸೊಂಟದ ಹತ್ತಿರ ಒರಟು ಚರ್ಮ ಇರಬಹುದು. ಮೂರ್ಛೆ ರೋಗ, ಮೂತ್ರಪಿಂಡದ ಗಡ್ಡೆಗಳೂ ಇರಬಹುದು. ಇವರಿಗೆ ಈ ಯಾವ ಚಿಹ್ನೆಯೂ ಇರಲಿಲ್ಲ. ಚಿಕಿತ್ಸೆಯ ದೃಷ್ಟಿಯಿಂದಲೂ ಈ ವ್ಯತ್ಯಾಸ ಮುಖ್ಯ: ಆಂಜಿಯೋಫೈಬ್ರೋಮಕ್ಕೆ ಹಚ್ಚುವ ಸಿರೋಲಿಮಸ್ ಜೆಲ್‌ಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2022ರಲ್ಲಿ ಒಪ್ಪಿಗೆ ಕೊಟ್ಟಿದೆ. ಟ್ರೈಕೋಎಪಿಥೀಲಿಯೋಮಕ್ಕೆ ಅಂಥ ಒಪ್ಪಿಗೆ ಪಡೆದ ಹಚ್ಚುವ ಔಷಧಿ ಇಲ್ಲ.

ಎರಡನೆಯದು ಬರ್ಟ್-ಹಾಗ್-ಡ್ಯೂಬೆ ಸಿಂಡ್ರೋಮ್. ಕೆನಡಾದ ಮೂವರು ವೈದ್ಯರು 1977ರಲ್ಲಿ ವಿವರಿಸಿದ್ದು, ಅವರ ಹೆಸರೇ ಅದಕ್ಕೆ ಉಳಿದಿದೆ. ಅದರಲ್ಲಿ ಬರುವ ಫೈಬ್ರೋಫಾಲಿಕ್ಯುಲೋಮ ಕೂಡ ಕೂದಲ ಬುಡದ್ದೇ ಗಂಟು, ನೋಡಲು ಬಿಳಚು, ಸಾಮಾನ್ಯವಾಗಿ ಇಪ್ಪತ್ತು ದಾಟಿದ ಮೇಲೆ ಕಾಣಿಸಿಕೊಳ್ಳುತ್ತದೆ. ಈ ಜನರ ಶ್ವಾಸಕೋಶದಲ್ಲಿ ಗಾಳಿಚೀಲಗಳಿರುತ್ತವೆ, ಅವು ಒಡೆದು ಎದೆಯಲ್ಲಿ ಗಾಳಿ ತುಂಬಿಕೊಳ್ಳಬಹುದು. ಮೂತ್ರಪಿಂಡದ ಕ್ಯಾನ್ಸರ್ ಬರುವ ಸಾಧ್ಯತೆಯೂ ಹೆಚ್ಚು. ಅದಕ್ಕೇ ಮನೆಯಲ್ಲಿ ಯಾರಿಗಾದರೂ ಇದ್ದಕ್ಕಿದ್ದಂತೆ ಶ್ವಾಸಕೋಶ ಕುಸಿದದ್ದು, ಮೂತ್ರಪಿಂಡದ ಗಡ್ಡೆ ತೆಗೆಸಿದ್ದು ಇದೆಯಾ ಅಂತ ಕೇಳಿದೆ. ಇಲ್ಲ ಅಂದರು.

ಮೂರನೆಯದು ಕೌಡನ್ ಸಿಂಡ್ರೋಮ್. ಅದರಲ್ಲಿ ಬರುವುದು ಟ್ರೈಕಿಲೆಮ್ಮೋಮ, ಅಂದರೆ ಕೂದಲ ಬುಡದ ಹೊರ ಹೊದಿಕೆಯಿಂದ ಹುಟ್ಟುವ ಗಂಟು, ಮೇಲ್ಮೈ ಸ್ವಲ್ಪ ಒರಟು. ಒಸಡು, ನಾಲಿಗೆಯ ಮೇಲೂ ಸಣ್ಣ ಗುಳ್ಳೆಗಳಿರುತ್ತವೆ. ಸ್ತನ, ಥೈರಾಯಿಡ್, ಗರ್ಭಕೋಶದ ಕ್ಯಾನ್ಸರಿನ ಅಪಾಯ ಈ ಕಾಯಿಲೆಯಲ್ಲಿ ಹೆಚ್ಚು, ಹಾಗಾಗಿ ಮುಖದ ಗುಳ್ಳೆಯನ್ನು ಸರಿಯಾಗಿ ಗುರುತಿಸಿದ ಒಬ್ಬ ಚರ್ಮದ ಡಾಕ್ಟರಿಂದ ಒಬ್ಬರ ಜೀವವೇ ಉಳಿಯಬಹುದು. ಬಾಯಿ ತೆಗೆಸಿ ನೋಡಿದೆ, ಒಳಗೆ ಎಲ್ಲ ನುಣ್ಣಗೆ ಇತ್ತು.

ಕಣ್ಣಿನ ಕೆಳಗೆ ಬರುವ ಸಿರಿಂಗೋಮ (ಅದು ಬೆವರಿನ ನಾಳದ್ದು), ಬಿಳಿ ಕಾಳಿನಂಥ ಮಿಲಿಯ, ಹಳದಿ ಛಾಯೆಯ ಎಣ್ಣೆಗ್ರಂಥಿ ಗಂಟು, ಇವೆಲ್ಲ ನೋಟದಲ್ಲೇ ದೂರ ಸರಿದವು.

ಎರಡನೇ ಬಯಾಪ್ಸಿ

ಮತ್ತೆ ಚುಚ್ಚುತ್ತೀರಾ ಅಂತ ಆಕೆ ಬೇಸರ ಮಾಡಿಕೊಂಡರು, ಅದು ಸಹಜ. ಆದರೆ ಕ್ಯಾನ್ಸರ್ ಎಂಬ ಪದ ಫೈಲಿನಲ್ಲಿ ಇರುವಾಗ 'ನನಗೆ ಹಾಗನ್ನಿಸುವುದಿಲ್ಲ' ಅನ್ನುವುದು ಸಾಲುವುದಿಲ್ಲ, ಖಾತ್ರಿ ಬೇಕು. ಈ ಸಲ 4 ಮಿಲಿಮೀಟರ್ ಪಂಚ್‌ನಿಂದ (ದುಂಡನೆಯ ಬ್ಲೇಡಿನ ಉಪಕರಣ) ಕೆಳಗಿನ ಕೊಬ್ಬಿನ ಪದರದವರೆಗೆ ಇಳಿದು ಒಂದು ಇಡೀ ಗುಳ್ಳೆಯನ್ನು ತೆಗೆದೆವು. ಕಲೆ ಕಾಣದಿರಲಿ ಅಂತ ಹಣೆಯ ಅಂಚಿನ, ಕೂದಲು ಮರೆಮಾಡುವ ಜಾಗದ್ದನ್ನು ಆರಿಸಿದೆವು. ಹಳೆಯ ಸ್ಲೈಡನ್ನೂ ತರಿಸಿ ಎರಡನ್ನೂ ಒಟ್ಟಿಗೆ ಕಳಿಸಿದೆವು. ಫಾರಮ್ಮಿನಲ್ಲಿ ವಯಸ್ಸು, ಶುರುವಾದ ವರ್ಷ, ಸಂಖ್ಯೆ, ಜಾಗ, ತಾಯಿ ಮತ್ತು ಅಜ್ಜನ ವಿಷಯ, ಐಸೋಟ್ರೆಟಿನಾಯಿನ್‌ಗೆ ಬಗ್ಗದ್ದು, ಎಲ್ಲ ಬರೆದು ಮುಖದ ಫೋಟೋ ಲಗತ್ತಿಸಿದೆ. ಪೆಥಾಲಜಿಸ್ಟರಿಗೆ ಫೋನ್ ಮಾಡಿ ಮಾತಾಡಿದೆ ಕೂಡ. ನನ್ನ ಅಭಿಪ್ರಾಯ ಕೇಳಿದರೆ ಚರ್ಮದ ಬಯಾಪ್ಸಿಯಲ್ಲಿ ಆ ಫೋನ್ ಕರೆಗೆ ಯಾವುದೇ ಹೊಸ ಟೆಸ್ಟ್‌ನಷ್ಟೇ ಬೆಲೆ ಇದೆ.

ಸ್ಲೈಡಿನಲ್ಲಿ ಏನಿತ್ತು ಅಂತ ಸ್ವಲ್ಪ ವಿವರಿಸಬೇಕು, ಯಾಕಂದರೆ ಗೊಂದಲ ಹುಟ್ಟುವುದು ಅಲ್ಲೇ. ಎರಡೂ ಕಾಯಿಲೆಯಲ್ಲಿ ಜೀವಕೋಶಗಳು ಒಂದೇ ಬಗೆಯವು: ಚಿಕ್ಕವು, ಕಡು ನೀಲಿ, ಗುಂಪಿನ ಅಂಚಿನಲ್ಲಿ ಬೇಲಿಯ ಹಾಗೆ ಸಾಲಾಗಿ ನಿಂತಿರುತ್ತವೆ. ವ್ಯತ್ಯಾಸ ಹುಡುಕಬೇಕಾದದ್ದು ಸುತ್ತಲಿನ ಜಾಗದಲ್ಲಿ. ಟ್ರೈಕೋಎಪಿಥೀಲಿಯೋಮದ ಗುಂಪುಗಳ ನಡುವೆ ಕೆರಾಟಿನ್ (ಕೂದಲು, ಉಗುರಿನಲ್ಲಿರುವ ಪ್ರೋಟೀನ್) ತುಂಬಿದ ಸಣ್ಣ ಚೀಲಗಳಿರುತ್ತವೆ. ಸುತ್ತ ನಾರಿನ ಅಂಗಾಂಶ ದಟ್ಟವಾಗಿರುತ್ತದೆ. ಕೆಲವು ಕಡೆ ಆ ಗುಂಪು ಮತ್ತು ನಾರು ಸೇರಿ ಕೂದಲು ಹುಟ್ಟುವ ಬುಡವನ್ನೇ ಕಟ್ಟಲು ಹೊರಟು ಅರ್ಧಕ್ಕೆ ನಿಂತಂತೆ ಕಾಣುತ್ತದೆ. ಬೇಸಲ್ ಸೆಲ್ ಕಾರ್ಸಿನೋಮದಲ್ಲಿ ಜೀವಕೋಶದ ಗುಂಪು ಮತ್ತು ಸುತ್ತಲಿನ ಅಂಗಾಂಶದ ನಡುವೆ ಬಿರುಕು ಬಿಟ್ಟಿರುತ್ತದೆ. ಟ್ರೈಕೋಎಪಿಥೀಲಿಯೋಮದಲ್ಲಿ ಗುಂಪು ತನ್ನ ನಾರನ್ನು ಅಂಟಿಕೊಂಡೇ ಇರುತ್ತದೆ, ಬಿರುಕು ಇದ್ದರೆ ಅದು ನಾರಿನೊಳಗೇ ಇರುತ್ತದೆ. ಮೇಲಿನಿಂದ ತೆಳ್ಳಗೆ ಹೆರೆದ ಚೂರಿನಲ್ಲಿ ಇದೆಲ್ಲ ನೋಡಲು ಜಾಗವೇ ಇರುವುದಿಲ್ಲ, ಅಲ್ವಾ. ನಮ್ಮ ಚೂರಿನಲ್ಲಿ ಈ ಲಕ್ಷಣಗಳೆಲ್ಲ ಇದ್ದವು.

ಖಾತ್ರಿಗಾಗಿ ವಿಶೇಷ ಬಣ್ಣದ ಪರೀಕ್ಷೆಗಳನ್ನೂ ಮಾಡಿದರು. ಸಿಕೆ20 ಎಂಬ ಬಣ್ಣದಲ್ಲಿ ಅಲ್ಲಲ್ಲಿ ಮರ್ಕೆಲ್ ಜೀವಕೋಶಗಳು (ಚರ್ಮದಲ್ಲಿ ಸ್ಪರ್ಶ ಗ್ರಹಿಸುವಂಥವು) ಕಂಡವು. ಅವು ಟ್ರೈಕೋಎಪಿಥೀಲಿಯೋಮದಲ್ಲಿ ಉಳಿದಿರುತ್ತವೆ, ಬೇಸಲ್ ಸೆಲ್ ಕಾರ್ಸಿನೋಮದಲ್ಲಿ ಸಾಮಾನ್ಯವಾಗಿ ಸಿಗುವುದಿಲ್ಲ. ಬಿಸಿಎಲ್2 ಎಂಬ ಇನ್ನೊಂದು ಬಣ್ಣ ಜೀವಕೋಶದ ಗುಂಪಿನ ಹೊರ ಅಂಚಿನಲ್ಲಷ್ಟೇ ಹಿಡಿಯಿತು, ಕ್ಯಾನ್ಸರ್ ಆಗಿದ್ದರೆ ಗುಂಪಿನ ತುಂಬಾ ಹಿಡಿಯುತ್ತಿತ್ತು. ಆಂಡ್ರೋಜನ್ ರಿಸೆಪ್ಟರ್ ಎಂಬ ಬಣ್ಣ ಹಿಡಿಯಲೇ ಇಲ್ಲ, ಆ ಕ್ಯಾನ್ಸರಿನಲ್ಲಿ ಅದು ಹಲವು ಸಲ ಹಿಡಿಯುತ್ತದೆ. ಇವುಗಳಲ್ಲಿ ಯಾವುದೂ ಒಂಟಿಯಾಗಿ ನೂರಕ್ಕೆ ನೂರು ತೀರ್ಪು ಕೊಡುವುದಿಲ್ಲ. ಎಲ್ಲ ಒಂದೇ ದಿಕ್ಕಿಗೆ ಕೈ ತೋರಿಸಿದಾಗ ಮತ್ತು ಮುಖವೂ ಮನೆತನವೂ ಅದನ್ನೇ ಹೇಳುವಾಗ ಅನುಮಾನಕ್ಕೆ ಜಾಗ ಉಳಿಯುವುದಿಲ್ಲ. ಹಳೆಯ ಸ್ಲೈಡನ್ನೂ ಈ ಬೆಳಕಿನಲ್ಲಿ ಮತ್ತೆ ನೋಡಿ ರಿಪೋರ್ಟ್ ತಿದ್ದಿ ಕೊಟ್ಟರು. ಅಗಲ ಆಪರೇಷನ್ ರದ್ದಾಯಿತು.

ಕೂದಲ ಬುಡದಿಂದ ಗಂಟು ಹೇಗೆ ಹುಟ್ಟುತ್ತದೆ

ಕೂದಲ ಬುಡ ಸುಮ್ನೆ ಒಂದು ತೂತಲ್ಲ. ಮೇಲೆ ಬಾಯಿ, ಅದರ ಕೆಳಗೆ ಎಣ್ಣೆಗ್ರಂಥಿ ಸೇರುವ ಜಾಗ, ಅಲ್ಲೇ ಹತ್ತಿರ ಹೊಸ ಕೂದಲಿಗೆ ಬೇಕಾದ ಮೂಲ ಜೀವಕೋಶಗಳ ಉಬ್ಬು, ಸುತ್ತ ಒಳ ಹೊರ ಹೊದಿಕೆಗಳು, ತಳದಲ್ಲಿ ಕೂದಲನ್ನೇ ತಯಾರಿಸುವ ಮ್ಯಾಟ್ರಿಕ್ಸ್. ಇದರ ಯಾವ ಭಾಗದ ಗುಣ ಗಂಟಿನಲ್ಲಿ ಕಾಣುತ್ತದೋ ಅದರ ಮೇಲೆ ಗಂಟಿನ ಹೆಸರು ನಿಲ್ಲುತ್ತದೆ. ಮ್ಯಾಟ್ರಿಕ್ಸಿನಿಂದ ಬಂದರೆ ಪೈಲೋಮೆಟ್ರಿಕೋಮ. ಅದು ಹೆಚ್ಚಾಗಿ ಮಕ್ಕಳಲ್ಲಿ ಬರುತ್ತದೆ. ಕೆನ್ನೆ, ಕತ್ತು ಅಥವಾ ತೋಳಿನಲ್ಲಿ ಚರ್ಮದಡಿ ಕಲ್ಲಿನಷ್ಟು ಗಟ್ಟಿಯಾದ ಒಂದೇ ಗಂಟು, ಒಳಗೆ ಕ್ಯಾಲ್ಸಿಯಂ ಕಟ್ಟಿಕೊಂಡಿರುತ್ತದೆ. ಫ್ರಾನ್ಸಿನ ಮಾಲೆರ್ಬ್ 1880ರಲ್ಲೇ ಅದನ್ನು ವಿವರಿಸಿದ್ದರು. ಮಕ್ಕಳ ತಂದೆತಾಯಿ ಈ ಗಟ್ಟಿತನಕ್ಕೇ ಗಾಬರಿಯಾಗುತ್ತಾರೆ, ಪೂರ್ತಿ ಕತ್ತರಿಸಿ ತೆಗೆದರೆ ಸಾಮಾನ್ಯವಾಗಿ ಅಲ್ಲಿಗೆ ಮುಗಿಯಿತು. ಆದರೆ ಒಬ್ಬರಲ್ಲೇ ಹಲವು ಬಂದರೆ ಮಾಯೋಟೋನಿಕ್ ಡಿಸ್ಟ್ರೋಫಿ ಎಂಬ ಸ್ನಾಯುವಿನ ಕಾಯಿಲೆ, ಕರುಳಿನಲ್ಲಿ ಗಡ್ಡೆ ಬರುವ ಗಾರ್ಡ್ನರ್ ಸಿಂಡ್ರೋಮ್ ಇವೆಯಾ ಅಂತ ನೋಡಬೇಕು. ಒಂದೇ ಗಂಟು ಬೇರೆ, ಹಲವು ಗಂಟು ಬೇರೆ. ಕೂದಲ ಬುಡದ ಗಂಟುಗಳಲ್ಲಿ ನಾನು ಮೊದಲು ಕೇಳಿಕೊಳ್ಳುವ ಪ್ರಶ್ನೆ ಇದೇ.

ಟ್ರೈಕೋಎಪಿಥೀಲಿಯೋಮವೂ ಹಾಗೇ. ಮುಖದಲ್ಲಿ ಒಂದೇ ಒಂದು ಬಂದರೆ ಅದಕ್ಕೂ ವಂಶಕ್ಕೂ ಸಂಬಂಧ ಇರಬೇಕೆಂದಿಲ್ಲ. ಹತ್ತಾರು ಬಂದರೆ ಸಿವೈಎಲ್‌ಡಿ ಎಂಬ ಜೀನ್ ನೆನಪಾಗಬೇಕು. ಅದು 16ನೇ ಕ್ರೋಮೋಸೋಮಿನಲ್ಲಿದೆ, 2000ನೇ ಇಸವಿಯಲ್ಲಿ ಗುರುತಿಸಿದರು. ಜೀವಕೋಶ ಬೆಳೆಯಬೇಕು, ಸಾಯಬಾರದು ಎಂದು ಹೇಳುವ ಎನ್‌ಎಫ್-ಕಪ್ಪಾ-ಬಿ ಎಂಬ ಸಂದೇಶದ ದಾರಿಗೆ ಬ್ರೇಕ್ ಹಾಕುವುದು ಈ ಜೀನಿನ ಪ್ರೋಟೀನಿನ ಕೆಲಸ. ನಮ್ಮಲ್ಲಿ ಪ್ರತಿ ಜೀನಿನ ಎರಡು ಪ್ರತಿ ಇರುತ್ತವೆ. ಈ ಕುಟುಂಬದವರು ಒಂದು ಕೆಟ್ಟ ಪ್ರತಿಯೊಂದಿಗೆ ಹುಟ್ಟುತ್ತಾರೆ. ಮುಂದೆ ಯಾವುದೋ ಒಂದು ಕೂದಲ ಬುಡದ ಜೀವಕೋಶದಲ್ಲಿ ಎರಡನೇ ಪ್ರತಿಯೂ ಕೆಟ್ಟರೆ ಆ ಜಾಗದಲ್ಲಿ ಒಂದು ಗಂಟು. ಇನ್ನೊಂದು ಕಡೆ ಕೆಟ್ಟರೆ ಅಲ್ಲಿ ಇನ್ನೊಂದು. ಅದಕ್ಕೇ ವಯಸ್ಸಿನ ಜೊತೆ ಸಂಖ್ಯೆ ಏರುತ್ತದೆ. ಇದು ಅಂಟುರೋಗ ಅಲ್ಲ, ಎಣ್ಣೆ ತಿಂಡಿಯಿಂದ ಬಂದದ್ದಲ್ಲ, ಮುಖ ಸರಿಯಾಗಿ ತೊಳೆಯದ್ದರಿಂದಲೂ ಅಲ್ಲ. ಇಷ್ಟು ವರ್ಷ ಈ ಹುಡುಗಿಗೆ ಇವನ್ನೆಲ್ಲ ಯಾರ್ಯಾರೋ ಹೇಳಿದ್ದರು, ಆಕೆ ನಂಬಿಯೂ ಇದ್ದರು.

ತಾಯಿಯ ತಲೆಯ ಗಂಟುಗಳು

ಮಗಳ ಮುಖ ಮತ್ತು ತಾಯಿಯ ತಲೆ ಎರಡನ್ನೂ ಒಟ್ಟಿಗೆ ಇಟ್ಟು ನೋಡಬೇಕು. ಹೆನ್ರಿ ಬ್ರೂಕ್ ಎಂಬ ವೈದ್ಯರು 1892ರಲ್ಲಿ ಮುಖದ ಗುಳ್ಳೆಗಳ ಕುಟುಂಬಗಳನ್ನು ವಿವರಿಸಿದರು. ಸ್ಪೀಗ್ಲರ್ 1899ರಲ್ಲಿ ತಲೆಯ ಗಂಟುಗಳ ಬಗ್ಗೆ ಬರೆದರು. ಇವೆರಡೂ ಒಂದೇ ಬೇರಿನವು ಎಂಬುದು ಪೂರ್ತಿ ಖಚಿತವಾಗಲು ಜೀನ್ ಸಿಗುವವರೆಗೂ ಕಾಯಬೇಕಾಯಿತು. ಈಗ ಎರಡನ್ನೂ ಸೇರಿಸಿ ಬ್ರೂಕ್-ಸ್ಪೀಗ್ಲರ್ ಸಿಂಡ್ರೋಮ್ ಅನ್ನುತ್ತಾರೆ. ಒಂದೇ ಮನೆಯಲ್ಲಿ, ಒಂದೇ ಜೀನ್ ದೋಷದಿಂದ, ಒಬ್ಬರಿಗೆ ಮುಖದ ತುಂಬ ಟ್ರೈಕೋಎಪಿಥೀಲಿಯೋಮ ಬರಬಹುದು, ಇನ್ನೊಬ್ಬರಿಗೆ ತಲೆಯಲ್ಲಿ ಸಿಲಿಂಡ್ರೋಮ ಎಂಬ ನಯವಾದ ಗಂಟು, ಮತ್ತೊಬ್ಬರಿಗೆ ಸ್ಪೈರಾಡಿನೋಮ ಎಂಬ ನೋಯುವ ಗಂಟು, ಕೆಲವರಿಗೆ ಮೂರೂ.

ತಾಯಿಯ ಕಿವಿಯ ಹಿಂದಿನ ನೋವಿನ ಗಂಟನ್ನು ತೆಗೆದು ಕಳಿಸಿದೆವು. ಸ್ಪೈರಾಡಿನೋಮ ಅಂತ ಬಂತು, ಅಪಾಯದ ಲಕ್ಷಣ ಇಲ್ಲ. ನೆತ್ತಿಯ ಗಂಟು ನೋಟದಲ್ಲಿ ಸಿಲಿಂಡ್ರೋಮ. ಅದು ತೊಂದರೆ ಕೊಡುತ್ತಿರಲಿಲ್ಲ, ತೆಗೆಯುವುದು ಬೇಡ ಅಂದರು, ಒಪ್ಪಿದೆ. ಆದರೆ ಸಿಲಿಂಡ್ರೋಮ, ಸ್ಪೈರಾಡಿನೋಮಗಳು ಬಹಳ ಅಪರೂಪಕ್ಕೆ ಕ್ಯಾನ್ಸರಾಗಿ ತಿರುಗಿದ್ದು ಇದೆ. ಆ ಕಾರಣಕ್ಕೆ ಇಬ್ಬರಿಗೂ ಗಮನಿಸಬೇಕಾದದ್ದನ್ನು ಬಿಡಿಸಿ ಹೇಳಿದೆ: ವರ್ಷಗಟ್ಟಲೆ ಸುಮ್ಮನಿದ್ದ ಗಂಟು ಕೆಲವು ವಾರ, ತಿಂಗಳಲ್ಲಿ ದಿಢೀರ್ ಬೆಳೆದರೆ, ಹುಣ್ಣಾದರೆ, ರಕ್ತ ಬಂದರೆ, ಬಣ್ಣ ಬದಲಾದರೆ, ಹೊಸದಾಗಿ ನೋವು ಶುರುವಾದರೆ ಕಾಯಬಾರದು. ಕಿವಿಯ ಕೆಳಗೆ ಜೊಲ್ಲುಗ್ರಂಥಿಯ ಜಾಗದಲ್ಲಿ ಊತ ಬಂದರೂ ತೋರಿಸಬೇಕು, ಈ ಸಿಂಡ್ರೋಮಿನಲ್ಲಿ ಅಲ್ಲೂ ಗಡ್ಡೆ ಬರುವುದುಂಟು.

ಜೀನ್ ಪರೀಕ್ಷೆ ಕಡ್ಡಾಯ ಅಲ್ಲ ಅಂತಲೂ ಹೇಳಿದೆ, ಯಾಕಂದರೆ ಚರ್ಮ ನೋಡಿಯೇ ಕಾಯಿಲೆ ಗೊತ್ತಾಗಿತ್ತು. ಆದರೆ ಮಗಳಿಗೆ ತಿಳಿದುಕೊಳ್ಳಬೇಕಿತ್ತು. ರಕ್ತ ಪರೀಕ್ಷೆಯಲ್ಲಿ ತಾಯಿ ಮಗಳು ಇಬ್ಬರಲ್ಲೂ ಸಿವೈಎಲ್‌ಡಿ ದೋಷ ಸಿಕ್ಕಿತು. "ನಂಗೆ ಮಕ್ಕಳಾದರೆ ಅವರಿಗೂ ಬರುತ್ತಾ?" ಅಂತ ಕೇಳಿದರು. ಪ್ರತಿ ಮಗುವಿಗೂ ಅರ್ಧಕ್ಕರ್ಧ ಸಾಧ್ಯತೆ, ಗಂಡಾದರೂ ಹೆಣ್ಣಾದರೂ ಅಷ್ಟೇ. ಬಂದರೂ ಎಷ್ಟು ಬರುತ್ತದೆ ಅಂತ ಮೊದಲೇ ಹೇಳಲಾಗುವುದಿಲ್ಲ, ತಾಯಿಗೆ ಹದಿನೈದು ಮಗಳಿಗೆ ನಲವತ್ತು ಇರುವುದು ಅವರೇ ನೋಡಿದ್ದಾರೆ. ಗಂಡಸರಲ್ಲಿ ಕೆಲವೊಮ್ಮೆ ತೀರಾ ಕಡಿಮೆ ಕಾಣುತ್ತದೆ, ಹಾಗಾಗಿ ಮುಖ ನುಣ್ಣಗಿರುವ ತಂದೆಯಿಂದಲೂ ಜೀನ್ ಮುಂದಕ್ಕೆ ಹೋಗಬಹುದು.

ಮನೆಯಲ್ಲಿ 14 ವರ್ಷದ ತಂಗಿಯೊಬ್ಬಳಿದ್ದಳು. ಅವಳಿಗೂ ಮೂಗಿನ ಪಕ್ಕ ಮೂರು ಗುಳ್ಳೆ, ಮೊಡವೆಯ ಜೆಲ್ ನಡೆಯುತ್ತಿತ್ತು! ಜೆಲ್ ನಿಲ್ಲಿಸಿದೆವು. ಬಯಾಪ್ಸಿಯೂ ಬೇಡ, ರಕ್ತ ಪರೀಕ್ಷೆಯೂ ಬೇಡ, ವಿಷಯ ಗೊತ್ತಾದ ಮೇಲೆ ಆ ಮಗುವಿನ ಮುಖ ಚುಚ್ಚಲು ಕಾರಣವೇ ಇಲ್ಲ. ಅಕ್ಕ ಹನ್ನೆರಡು ವರ್ಷ ಸುತ್ತಿದ ದಾರಿ ತಂಗಿಗೆ ತಪ್ಪಿತು. ಈ ಇಡೀ ಪ್ರಕರಣದಲ್ಲಿ ನನಗೆ ಅತಿ ಹೆಚ್ಚು ಸಮಾಧಾನ ಕೊಟ್ಟದ್ದು ಇದೇ.

ಚಿಕಿತ್ಸೆ

ಅಪಾಯವಿಲ್ಲ, ಬಿಟ್ಟುಬಿಡಿ ಅಂತ ಹೇಳಿ ಕಳಿಸಬಹುದಿತ್ತು. ವೈದ್ಯಕೀಯವಾಗಿ ಅದು ತಪ್ಪೂ ಅಲ್ಲ. ಆದರೆ ಮುಖದ ನಟ್ಟನಡುವೆ ನಲವತ್ತು ಗಂಟು ಇಟ್ಟುಕೊಂಡು ಬದುಕುವುದು ಅವರು, ನಾವಲ್ಲ. ಜನ ಮಾತಾಡುವಾಗ ನನ್ನ ಕಣ್ಣು ನೋಡುವುದಿಲ್ಲ, ಮೂಗು ನೋಡುತ್ತಾರೆ ಅಂತ ಆಕೆ ಹೇಳಿದರು. ಹಾಗಿರುವಾಗ ಇದನ್ನು ಬರೀ ಅಂದದ ವಿಷಯ ಅಂತ ತಳ್ಳಿಹಾಕುವುದನ್ನು ನಾನು ಒಪ್ಪುವುದಿಲ್ಲ.

ಅದೇ ಹೊತ್ತಿಗೆ ಸುಳ್ಳು ಭರವಸೆಯೂ ಬೇಡ. ಒಂದೇ ಗಂಟಾದರೆ ಕತ್ತರಿಸಿ ತೆಗೆಯುವುದು ಒಳ್ಳೆಯ ದಾರಿ. ನಲವತ್ತನ್ನು ಕತ್ತರಿಸಿದರೆ ನಲವತ್ತು ಗೆರೆ. ಇಂಥ ಕಡೆ ಕಾರ್ಬನ್ ಡೈ ಆಕ್ಸೈಡ್ ಲೇಸರ್ ಅಥವಾ ಎರ್ಬಿಯಂ ಲೇಸರ್‌ನಿಂದ ಎದ್ದ ಭಾಗವನ್ನು ಪದರ ಪದರವಾಗಿ ಸವೆಸಿ ಚರ್ಮದ ಮಟ್ಟಕ್ಕೆ ತರಬಹುದು. ಗಂಟಿನ ತಳ ಚರ್ಮದ ಆಳದಲ್ಲೇ ಉಳಿಯುತ್ತದೆ, ಪೂರ್ತಿ ತೆಗೆಯಲು ಹೊರಟರೆ ಗುಂಡಿ ಬೀಳುತ್ತದೆ. ಹಾಗಾಗಿ ಕಾಲ ಕಳೆದಂತೆ ಮತ್ತೆ ಏಳಬಹುದು, ಜೀನ್ ಇರುವವರೆಗೆ ಹೊಸತೂ ಬರಬಹುದು. ಇದು ಗುಣ ಮಾಡುವುದಲ್ಲ, ತಗ್ಗಿಸುವುದು. ಲೇಸರ್‌ಗೆ ಮುಂಚೆಯೇ ಇದನ್ನು ಹೇಳಬೇಕು, ಆಮೇಲೆ ಹೇಳಿದರೆ ಅದು ನೆಪದಂತೆ ಕೇಳಿಸುತ್ತದೆ.

ಬಣ್ಣವಿರುವ ಚರ್ಮದಲ್ಲಿ ಇನ್ನೊಂದು ಎಚ್ಚರಿಕೆ ಬೇಕು. ಲೇಸರ್ ಆದ ಜಾಗ ಕಪ್ಪಾಗಬಹುದು, ಕೆಲವೊಮ್ಮೆ ಬಿಳಚಬಹುದು, ಕೆಲವರಿಗೆ ಉಬ್ಬಿದ ಕಲೆ ಕಟ್ಟಬಹುದು. ಆದ್ದರಿಂದ ಇಡೀ ಮುಖಕ್ಕೆ ಒಮ್ಮೆಲೇ ಕೈ ಹಾಕಲಿಲ್ಲ. ಮೊದಲು ಹಣೆಯ ಪಕ್ಕದ ಎರಡು ಗುಳ್ಳೆ ಮಾತ್ರ ಮಾಡಿ, ಮೂರು ತಿಂಗಳು ಕಾದೆವು. ಮೊದಲ ಕೆಲವು ವಾರ ಕೆಂಪಾಗಿತ್ತು, ಆಮೇಲೆ ತುಸು ಕಪ್ಪಾಗಿ ನಿಧಾನಕ್ಕೆ ತಿಳಿಯಾಯಿತು. ಉಬ್ಬಿದ ಕಲೆ ಬರಲಿಲ್ಲ. ಅದನ್ನು ಕನ್ನಡಿಯಲ್ಲಿ ಆಕೆಯೇ ನೋಡಿ ಮುಂದುವರಿಯೋಣ ಅಂದ ಮೇಲೆ ಮೂಗಿನ ಪಕ್ಕದವನ್ನು ಹಂತ ಹಂತವಾಗಿ, ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು ಮಾಡಿದೆವು. ಪ್ರತಿ ಸಲವೂ ಬಿಸಿಲಿಗೆ ಸನ್‌ಸ್ಕ್ರೀನ್, ಗಾಯದ ತೇವ ಆರದಂತೆ ಮುಲಾಮು, ಹಕ್ಕಳೆ ಕೀಳಬಾರದು ಎಂಬ ಮಾತು.

ಹಚ್ಚುವ ಸಿರೋಲಿಮಸ್, ಇಮಿಕ್ವಿಮಾಡ್ ಬಗ್ಗೆ ಅವರೇ ಓದಿಕೊಂಡು ಬಂದು ಕೇಳಿದರು. ಕೆಲವು ರೋಗಿಗಳಲ್ಲಿ ಪ್ರಯೋಜನ ಕಂಡ ವರದಿಗಳು ಇವೆ, ಆದರೆ ಬೆರಳೆಣಿಕೆಯವು. ಅದರ ಮೇಲೆ ಭರವಸೆ ಇಟ್ಟು ವರ್ಷಗಟ್ಟಲೆ ಹಚ್ಚಿ ಅಂತ ಹೇಳಲು ನನಗೆ ಮನಸ್ಸು ಬರಲಿಲ್ಲ.

ಈಗ

ಲೇಸರ್ ಮುಗಿದು ಒಂದೂವರೆ ವರ್ಷವಾಗಿದೆ. ಮೂಗಿನ ಪಕ್ಕ ಚರ್ಮ ಬಹುಪಾಲು ಸಮವಾಗಿದೆ. ಐದಾರು ಜಾಗದಲ್ಲಿ ಮತ್ತೆ ಸಣ್ಣಗೆ ಎದ್ದಿವೆ, ಅವನ್ನು ಈಗಲೇ ಮುಟ್ಟುವುದು ಬೇಡ ಅಂತ ಆಕೆಯೇ ನಿರ್ಧರಿಸಿದ್ದಾರೆ. ಫೈಲಿನ ಮೊದಲ ಪುಟದಲ್ಲಿ ಕಾಯಿಲೆಯ ಹೆಸರು, ಜೀನ್ ರಿಪೋರ್ಟ್, ತಿದ್ದಿದ ಬಯಾಪ್ಸಿ ರಿಪೋರ್ಟ್ ಮೂರನ್ನೂ ಸೇರಿಸಿ ಕೊಟ್ಟಿದ್ದೇನೆ. ಮುಂದೆ ಯಾವ ಊರಿನಲ್ಲಿ ಯಾರು ಒಂದು ಗುಳ್ಳೆ ತೆಗೆದು ಲ್ಯಾಬಿಗೆ ಕಳಿಸಿದರೂ ಆ ಪುಟದ ಒಂದು ನಕಲು ಚೂರಿನ ಜೊತೆ ಹೋಗಬೇಕು ಅಂತ ಹೇಳಿದ್ದೇನೆ. ವರ್ಷಕ್ಕೊಮ್ಮೆ ತಾಯಿ ಮತ್ತು ಇಬ್ಬರು ಮಕ್ಕಳ ಮುಖ, ತಲೆ, ಕಿವಿಯ ಹಿಂದೆ, ಕತ್ತು, ಬೆನ್ನು ನೋಡುತ್ತೇವೆ. ತಾಯಿಯ ನೆತ್ತಿಯ ಗಂಟು ಹೋದ ಸಲ 9 ಮಿಲಿಮೀಟರ್ ಇತ್ತು, ಈ ಸಲವೂ ಅಷ್ಟೇ ಇದೆ. ಬೆಳೆದರೆ ತೆಗೆಯುವುದು ಅಂತ ಮಾತಾಗಿದೆ.